ಮಳೆ ಬಂದರೆ ಕೆರೆಯಲ್ಲಿ ನೊರೆ ಜಾಸ್ತಿ ಆಗೋದೇಕೆ?

ಬೆಂಗಳೂರಿನ ವರ್ತೂರು ಕೆರೆಯ ಕೋಡಿ ದಾಟಿ ಓಡಾಡಿದವರಿಗೆ ಇದು ಗೊತ್ತಿರುತ್ತದೆ. 2015ರಿಂದ ಎರಡು ಮೂರು ವರ್ಷ, ರಾತ್ರಿ ಒಂದು ಒಳ್ಳೆ ಮಳೆ ಸುರಿದರೆ ಸಾಕು, ಬೆಳಗ್ಗೆ ಕೋಡಿಯ ಹತ್ತಿರ ಆಳೆತ್ತರದ ನೊರೆ. ಕಾಲುವೆ ತುಂಬಿ, ಬೇಲಿ ಹಾರಿ, ರಸ್ತೆಗೆ ಬಂದು ಸ್ಕೂಟರಿನವರ ಮೈಗೆ ಮೆತ್ತಿಕೊಳ್ಳುತ್ತಿತ್ತು. ನನ್ನ ಹೆಲ್ಮೆಟ್ಟಿನ ಗಾಜಿನ ಮೇಲೂ ಒಂದು ಸಲ ಬಂದು ಕೂತಿತ್ತು. ಅದನ್ನು ಒರೆಸಿದ ಕರ್ಚೀಫನ್ನು ಮನೆಗೆ ತರಲು ಮನಸ್ಸಾಗಲಿಲ್ಲ, ಅಲ್ಲೇ ಬಿಸಾಕಿದೆ. (ಹೌದು, ಕೆರೆ ಪಕ್ಕದಲ್ಲೇ. ಗೊತ್ತು, ಗೊತ್ತು.)

ಆಗ ತಲೆಗೆ ಬಂದ ಪ್ರಶ್ನೆ ಇದು. ಮಳೆ ಬಂದರೆ ಕೊಳಚೆಗೆ ಒಳ್ಳೆ ನೀರು ಸೇರುತ್ತದೆ. ಸೋಪಿನ ಬಕೆಟ್ಟಿಗೆ ಇನ್ನೂ ನಾಲ್ಕು ಚೊಂಬು ನೀರು ಸುರಿದರೆ ಸೋಪು ತೆಳ್ಳಗಾಗುತ್ತದೆ, ನೊರೆ ಕಮ್ಮಿ ಆಗಬೇಕು. ಇಲ್ಲಿ ಯಾಕೆ ಉಲ್ಟಾ?

ಈ ಒಂದು ಪ್ರಶ್ನೆಯ ಬೆನ್ನು ಹತ್ತಿದರೆ ಪರಿಸರ ಸಂಶೋಧಕರು 'ವ್ಯವಸ್ಥೆಯಾಗಿ ನೋಡುವುದು' ಅನ್ನುತ್ತಾರಲ್ಲ, ಅದು ಏನು ಅಂತ ಅರ್ಥವಾಗುತ್ತದೆ. ಹೆಸರು ಭಾರ, ವಿಷಯ ಹಗುರ. ಕೆರೆ ಕೆಟ್ಟಿದೆ ಎಂದ ಕೂಡಲೇ ನಾವು ಕೆಡಿಸಿದವರು ಯಾರು ಅಂತ ಹುಡುಕುತ್ತೇವೆ. ಇವರು ಮೊದಲು ಬೇರೆಯದನ್ನು ಕೇಳುತ್ತಾರೆ. ಒಳಗೆ ಏನು ಬರುತ್ತಿದೆ, ಹೊರಗೆ ಏನು ಹೋಗುತ್ತಿದೆ, ನಡುವೆ ಏನು ಉಳಿದುಕೊಂಡಿದೆ, ಮತ್ತು ಉಳಿದದ್ದು ಎಷ್ಟು ದಿನದ ಮೇಲೆ ಕೆಲಸ ತೋರಿಸುತ್ತದೆ?

ಮನೆಯ ಸಂಪು ನೆನಪು ಮಾಡಿಕೊಳ್ಳಿ. ಒಂದು ಪೈಪಿನಲ್ಲಿ ನೀರು ಬರುತ್ತದೆ, ಮೋಟರು ಹಾಕಿದಾಗ ಹೋಗುತ್ತದೆ, ಒಳಗೆ ಒಂದು ಮಟ್ಟ ಇರುತ್ತದೆ. ನಲ್ಲಿ ನಿಂತ ತಕ್ಷಣ ಸಂಪು ಖಾಲಿ ಆಗುವುದಿಲ್ಲ. ಅದೇ ರೀತಿ, ಕೊಳೆ ಬರುವುದು ನಿಂತ ತಕ್ಷಣ ಕೆರೆ ಸ್ವಚ್ಛ ಆಗುವುದಿಲ್ಲ. ಇಷ್ಟೇ ಪಾಠ, ಆದರೆ ಇದನ್ನು ಮರೆತು ಮಾಡಿದ ಯೋಜನೆಗಳಿಗೆ ಲೆಕ್ಕವಿಲ್ಲ. ಈ ಬಗೆಯ ಲೆಕ್ಕವನ್ನು 1950ರ ದಶಕದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಬೆಳೆಸಿದ ಜೇ ಫಾರೆಸ್ಟರ್ ಎಂಜಿನಿಯರು. ಶುರು ಮಾಡಿದ್ದು ಕಾರ್ಖಾನೆಗಳ ಸ್ಟಾಕು ಮತ್ತು ಆರ್ಡರುಗಳ ಏರಿಳಿತ ನೋಡಲು. ಪರಿಸರದವರು ಅದನ್ನು ಎತ್ತಿಕೊಂಡದ್ದು ಆಮೇಲೆ.

ಈಗ ಬೆಳ್ಳಂದೂರಿಗೆ ಬನ್ನಿ. ಸುಮಾರು 900 ಎಕರೆ, ಬೆಂಗಳೂರಿನ ಅತಿ ದೊಡ್ಡ ಕೆರೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರೆಲ್ಲ ಇಳಿದು ಬರುವುದು ಇಲ್ಲಿಗೆ. ಇಲ್ಲಿಂದ ವರ್ತೂರು, ಅಲ್ಲಿಂದ ದಕ್ಷಿಣ ಪಿನಾಕಿನಿ, ಅಲ್ಲಿಂದ ತಮಿಳುನಾಡು. ಹಿಂದೆ ಮಳೆನೀರು ಇಳಿಯುತ್ತಿತ್ತು, ತೂಬು ಎತ್ತಿ ಗದ್ದೆಗೆ ಬಿಡಲು ನೀರಗಂಟಿ ಇದ್ದ. ಊರು ಬೆಳೆದ ಮೇಲೆ ಅದೇ ರಾಜಕಾಲುವೆಗಳಲ್ಲಿ ವರ್ಷಪೂರ್ತಿ ಕೊಳಚೆ ಇಳಿಯತೊಡಗಿತು. ಬೇಸಿಗೆಯಲ್ಲಿ ಒಣಗಬೇಕಾದ ಕೆರೆ ಒಣಗುವುದನ್ನೇ ಬಿಟ್ಟಿತು.

ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಸಂಶೋಧಕರು ಈ ನೊರೆಯನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಕಂಡದ್ದು ಹೀಗೆ. ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ಸೋಪು, ಶಾಂಪೂ ಎಲ್ಲದರಲ್ಲೂ ನೊರೆ ಮಾಡುವ ರಾಸಾಯನಿಕ ಇರುತ್ತದೆ. ಕೊಳಚೆ ಕೆರೆಯನ್ನು ಹಾದು ಹೋಗಲು 10ರಿಂದ 15 ದಿನ ಹಿಡಿಯುತ್ತದೆ. ಆ ದಿನಗಳಲ್ಲಿ ರಾಸಾಯನಿಕದ ಒಂದಷ್ಟು ಭಾಗ ಕೊಳೆತು ಹೋಗುತ್ತದೆ, ಒಂದಷ್ಟು ನೀರಿನಲ್ಲಿ ತೇಲುವ ಸಣ್ಣ ಕಣಗಳಿಗೆ ಅಂಟಿಕೊಂಡು ತಳಕ್ಕೆ ಇಳಿಯುತ್ತದೆ. ತಳದಲ್ಲಿ ಆಮ್ಲಜನಕ ಇಲ್ಲ. ಈ ರಾಸಾಯನಿಕಗಳನ್ನು ತಿಂದು ಮುಗಿಸುವ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಬೇಕು. ಹಾಗಾಗಿ ಅದು ಹೂಳಿನಲ್ಲಿ ಹಾಗೇ ಕೂರುತ್ತದೆ. ತಿಂಗಳುಗಟ್ಟಲೆ ಜಮೆ ಆಗುತ್ತದೆ. ಬ್ಯಾಂಕಿನ ಆರ್‌ಡಿ ಖಾತೆ ತರಹ.

ಮಳೆ ಬಂದಾಗ ಏನಾಗುತ್ತದೆ? ರಭಸಕ್ಕೆ ಹೂಳು ಕದಡುತ್ತದೆ. ಅಷ್ಟು ತಿಂಗಳು ಕೂಡಿಟ್ಟಿದ್ದ ಸೋಪು ಒಟ್ಟಿಗೇ ನೀರಿಗೆ ಬರುತ್ತದೆ. ಆ ನೀರು ಕೋಡಿಯಲ್ಲಿ ಎತ್ತರದಿಂದ ಬೀಳುತ್ತದೆ, ಗಾಳಿ ಸೇರುತ್ತದೆ. ಮಿಕ್ಸಿಯಲ್ಲಿ ಮಜ್ಜಿಗೆ ತಿರುಗಿಸಿದ ಹಾಗೆ. ಕದಡಿದ ಹೂಳಿನ ಕಣಗಳು, ಬ್ಯಾಕ್ಟೀರಿಯಾ ಎಲ್ಲ ಗುಳ್ಳೆಯ ಗೋಡೆಗೆ ಅಂಟಿಕೊಂಡು ಗುಳ್ಳೆ ಬೇಗ ಒಡೆಯದಂತೆ ನೋಡಿಕೊಳ್ಳುತ್ತವೆ. ಅದಕ್ಕೇ ಆ ನೊರೆ ಸ್ನಾನದ ಸೋಪಿನ ನೊರೆಯಂತೆ ನಿಮಿಷದಲ್ಲಿ ಇಳಿಯುತ್ತಿರಲಿಲ್ಲ, ಗಂಟೆಗಟ್ಟಲೆ ನಿಂತಿರುತ್ತಿತ್ತು.

ಅಂದರೆ ಮಳೆ ದಿನ ನಾವು ನೋಡಿದ್ದು ಆ ದಿನದ ಕೊಳೆಯನ್ನಲ್ಲ. ಹಿಂದಿನ ಎಷ್ಟೋ ತಿಂಗಳ ಕೊಳೆಯನ್ನು. ನನ್ನ ಮಟ್ಟಿಗೆ ಇಡೀ ವಿಷಯದ ಬೀಗದಕೈ ಇದೇ. ಕಾರಣ ಒಂದು ಕಡೆ, ಒಂದು ಕಾಲದಲ್ಲಿ ಇರುತ್ತದೆ. ಪರಿಣಾಮ ಇನ್ನೊಂದು ಕಡೆ, ಇನ್ನೊಂದು ಕಾಲದಲ್ಲಿ ಕಾಣುತ್ತದೆ. ಕಂಡ ಜಾಗದಲ್ಲೇ ಮದ್ದು ಮಾಡಲು ಹೋದರೆ ಬೇಲಿ ಕಟ್ಟುತ್ತೇವೆ. ನಿಜವಾಗಿಯೂ ಕಟ್ಟಿದರು. ನೊರೆ ರಸ್ತೆಗೆ ಹಾರದಿರಲಿ ಅಂತ ಜಾಲರಿ ಬೇಲಿ ಹಾಕಿದರು, ನೊರೆ ಕೂರಿಸಲು ಸ್ಪ್ರಿಂಕ್ಲರಿನಲ್ಲಿ ನೀರು ಚಿಮ್ಮಿಸಿದರು. ತಪ್ಪು ಅಂತ ಹೇಳಲ್ಲ, ಸ್ಕೂಟರಿನವನಿಗೆ ಬೇಲಿ ಬೇಕೇ ಬೇಕು. ಆದರೆ ಅದು ಜ್ವರಕ್ಕೆ ತಣ್ಣೀರು ಪಟ್ಟಿ.

ಸುಮ್ನೆ ಜಮೆ ಆಗುವುದಷ್ಟೇ ಆಗಿದ್ದರೆ ಬಿಡಿಸಬಹುದಿತ್ತು. ಕೆರೆಯೊಳಗೆ ತನ್ನನ್ನು ತಾನೇ ಬೆಳೆಸಿಕೊಳ್ಳುವ ಒಂದು ಸುತ್ತೂ ಇದೆ. ಕೊಳಚೆಯಲ್ಲಿ ಸಾರಜನಕ, ರಂಜಕ ಎರಡೂ ಇರುತ್ತವೆ. ರಂಜಕ ಮಲಮೂತ್ರದಿಂದಲೂ ಬರುತ್ತದೆ, ಕೆಲವು ಡಿಟರ್ಜೆಂಟ್ ಪುಡಿಗಳಿಂದಲೂ ಬರುತ್ತದೆ. ಎರಡೂ ಗೊಬ್ಬರವೇ. ಗೊಬ್ಬರ ಬಿದ್ದ ನೀರಿನಲ್ಲಿ ವಾಟರ್ ಹಯಸಿಂತ್, ಅಂದರೆ ನೇರಳೆ ಹೂ ಬಿಡುವ ಆ ತೇಲು ಕಳೆ, ಹುಚ್ಚೆದ್ದು ಬೆಳೆಯುತ್ತದೆ. ಹವೆ ಚೆನ್ನಾಗಿದ್ದರೆ ಎರಡು ವಾರದಲ್ಲಿ ಎರಡರಷ್ಟಾಗುತ್ತದೆ. ಕೆರೆಗೆ ಹಸಿರು ಕಂಬಳಿ ಹೊದಿಸಿದ ಹಾಗೆ. ಕಂಬಳಿ ಕೆಳಗೆ ಬಿಸಿಲು ಇಳಿಯುವುದಿಲ್ಲ, ಗಾಳಿಯೂ ಇಳಿಯುವುದಿಲ್ಲ. ಆಮ್ಲಜನಕ ಕಮ್ಮಿ ಆಗುತ್ತದೆ. ಕಳೆ ಸತ್ತು ಕೊಳೆತು ಮುಳುಗಿದಾಗ ಇದ್ದಬದ್ದ ಆಮ್ಲಜನಕವೂ ಮುಗಿಯುತ್ತದೆ. ಆಮ್ಲಜನಕ ಇಲ್ಲದಾಗ, ಹೂಳಿನಲ್ಲಿ ಕಬ್ಬಿಣದ ಜೊತೆ ಕಟ್ಟಿಕೊಂಡಿದ್ದ ರಂಜಕ ಬಿಡಿಸಿಕೊಂಡು ಮತ್ತೆ ನೀರಿಗೆ ಬರುತ್ತದೆ. ಮತ್ತೆ ಕಳೆಗೆ ಗೊಬ್ಬರ. ಸುತ್ತು ಮುಚ್ಚಿತು.

ಸಾರಜನಕವಾದರೂ ಅನಿಲವಾಗಿ ಗಾಳಿಗೆ ಹೋಗುವ ದಾರಿ ಉಂಟು. ರಂಜಕಕ್ಕೆ ಆ ದಾರಿ ಇಲ್ಲ. ಒಳಗೆ ಬಂದರೆ ಹೂಳಾಗಿ ಕೂರಬೇಕು, ಇಲ್ಲ ಕೋಡಿ ದಾಟಿ ಮುಂದಿನ ಊರಿಗೆ ಹೋಗಬೇಕು. ಕರೆದ ನೆಂಟರು ಹೋಗದೆ ಉಳಿದುಕೊಂಡರೆ ಹೇಗೋ ಹಾಗೆ.

ಬೆಂಕಿಯ ವಿಷಯ ಎಲ್ಲರಿಗೂ ಗೊತ್ತು, ಹಾಗಾಗಿ ಬೇಗ ಮುಗಿಸುತ್ತೇನೆ. 2015ರಲ್ಲಿ ನೊರೆಗೆ ಬೆಂಕಿ, 2017ರ ಫೆಬ್ರವರಿಯಲ್ಲಿ ಮತ್ತೆ, 2018ರ ಜನವರಿಯಲ್ಲಿ ಸಾವಿರಾರು ಸೈನಿಕರು ಇಳಿದು ಆರಿಸಬೇಕಾದಷ್ಟು ದೊಡ್ಡದು. ಕೊಳೆತ ಹೂಳಿನ ಮೀಥೇನೋ, ಒಣಗಿದ ಕಳೆಗೆ ಯಾರೋ ಹಚ್ಚಿದ ಕಡ್ಡಿಯೋ ಎಂಬ ವಾದ ಜೋರಾಗಿ ನಡೆಯಿತು. ವಾದದಲ್ಲಿ ಗೆದ್ದವರು ಯಾರಾದರೂ, ಸುಡಲು ಅಷ್ಟೊಂದು ಸಾಮಾನು ಕೆರೆಯಲ್ಲಿ ಜಮೆ ಆಗಿತ್ತಲ್ಲ, ಅದು ವಿಷಯ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಈ ಪ್ರಕರಣವನ್ನು ತಾನಾಗಿಯೇ ಎತ್ತಿಕೊಂಡಿತು. 2018ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಆಗಿನ ನಗರ ಪಾಲಿಕೆ ಬಿಬಿಎಂಪಿಗೆ 25 ಕೋಟಿ ರೂಪಾಯಿ ದಂಡ ಹಾಕಿತು.

ಸರಿ, ಕೆರೆಯ ಒಳಗಿನದು ಆಯಿತು. ಆದರೆ ಕೆರೆಯ ದಂಡೆಗೇ ನಮ್ಮ ನಕಾಶೆ ನಿಂತರೆ ಸಾಕಾ? ಗಡಿ ಎಲ್ಲಿ ಎಳೆಯುತ್ತೇವೆ ಅನ್ನುವುದೇ ಉತ್ತರವನ್ನು ಬದಲಾಯಿಸಿಬಿಡುತ್ತದೆ. ಗಡಿಯನ್ನು ಸ್ವಲ್ಪ ದೊಡ್ಡದು ಮಾಡಿ ನೋಡೋಣ.

ಬೆಂಗಳೂರು ಇರುವುದು ದಿಣ್ಣೆಯ ಮೇಲೆ. ಊರ ಪಕ್ಕ ದೊಡ್ಡ ನದಿ ಇಲ್ಲ. ಕಾವೇರಿ ನೀರನ್ನು ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ತರುತ್ತೇವೆ. ಮೊದಲ ಹಂತ ಬಂದದ್ದು 1974ರಲ್ಲಿ. ಐದನೇ ಹಂತ ಶುರುವಾದದ್ದು 2024ರ ಅಕ್ಟೋಬರಿನಲ್ಲಿ, ದಿನಕ್ಕೆ 77.5 ಕೋಟಿ ಲೀಟರ್. ಅಷ್ಟು ಕಷ್ಟಪಟ್ಟು ಮೇಲೆ ತಂದ ನೀರು ಏನಾಗುತ್ತದೆ? ಮನೆಗೆ ಬಂದ ನೀರಿನಲ್ಲಿ ನೂರಕ್ಕೆ 80 ಭಾಗ ಕೊಳಚೆಯಾಗಿ ಹೊರಗೆ ಹೋಗುತ್ತದೆ ಎಂಬುದು ಎಂಜಿನಿಯರುಗಳ ಮಾಮೂಲಿ ಲೆಕ್ಕ. 77.5ಕ್ಕೆ 80 ಪರ್ಸೆಂಟ್ ಹಾಕಿ. ದಿನಕ್ಕೆ 62 ಕೋಟಿ ಲೀಟರ್ ಹೊಸ ಕೊಳಚೆ.

ಪೇಪರಿನಲ್ಲಿ 'ಬೆಂಗಳೂರಿಗೆ ಇನ್ನಷ್ಟು ಕಾವೇರಿ' ಅಂತ ಬಂದಾಗ ನಾವು ಸಂತೋಷಪಡುತ್ತೇವೆ, ಪಡಲೇಬೇಕು, ಆದರೆ ಅದೇ ಸುದ್ದಿಗೆ 'ಬೆಂಗಳೂರಿನ ಕೆರೆಗಳಿಗೆ ಇನ್ನಷ್ಟು ಕೊಳಚೆ' ಅಂತ ತಲೆಬರಹ ಕೊಟ್ಟಿದ್ದರೂ ತಪ್ಪಾಗುತ್ತಿರಲಿಲ್ಲ. ಐದನೇ ಹಂತದ ಯೋಜನೆಯಲ್ಲಿ ಕೊಳಚೆ ಶುದ್ಧೀಕರಣದ ಪ್ಲಾಂಟುಗಳೂ ಸೇರಿವೆ, ಆ ಮಟ್ಟಿಗೆ ಪಾಠ ಕಲಿತಿದ್ದಾರೆ. ಹಿಂದೆಲ್ಲ ನೀರಿನ ಪೈಪು ಮೊದಲು, ಯುಜಿಡಿ, ಅಂದರೆ ಒಳಚರಂಡಿ, ಎಷ್ಟೋ ವರ್ಷದ ಮೇಲೆ. ನಡುವಿನ ಆ ವರ್ಷಗಳ ಕೊಳಚೆಯನ್ನೇ ಕೆರೆಗಳು ನುಂಗಿದ್ದು.

ದಿಣ್ಣೆಯ ಊರಾದ್ದರಿಂದ ನೀರು ಎರಡೂ ಕಡೆಗೆ ಇಳಿಯುತ್ತದೆ. ಪೂರ್ವಕ್ಕೆ ಇಳಿದದ್ದು ಬೆಳ್ಳಂದೂರು, ವರ್ತೂರು. ಪಶ್ಚಿಮಕ್ಕೆ ಇಳಿದದ್ದು ವೃಷಭಾವತಿ. ವೃಷಭಾವತಿ ಬೈರಮಂಗಲ ಕೆರೆ ಹಾದು ಅರ್ಕಾವತಿ ಸೇರುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿ ಸೇರುತ್ತದೆ. ಕಾವೇರಿಯಿಂದ ಎತ್ತಿದ್ದನ್ನು ಕಾವೇರಿಗೇ ವಾಪಸು ಕೊಟ್ಟೆವು, ಬಣ್ಣ ಬದಲಾಗಿದೆ ಅಷ್ಟೆ.

ಗಡಿಯನ್ನು ಇನ್ನೂ ಸ್ವಲ್ಪ ಅಗಲ ಮಾಡಿ, ಕೋಲಾರಕ್ಕೆ ಹೋಗೋಣ. ಈ ಕಥೆಯಲ್ಲಿ ನನಗೆ ಅತಿ ಇಷ್ಟದ ಭಾಗ, ಅತಿ ತಲೆನೋವಿನದೂ ಇದೇ.

ಕೋಲಾರದಲ್ಲಿ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಕೆರೆಗಳು ಲೆಕ್ಕವಿಲ್ಲದಷ್ಟು, ನೀರು ಮಾತ್ರ ಇರಲಿಲ್ಲ. ಬೋರ್‌ವೆಲ್ 1000 ಅಡಿ ದಾಟಿದರೂ ಧೂಳು ಬರುವ ಹಳ್ಳಿಗಳು. ಸಿಕ್ಕಿದ ಕಡೆ ಫ್ಲೋರೈಡ್. ಇತ್ತ ಬೆಂಗಳೂರಿನಲ್ಲಿ ಬೇಡವೆಂದರೂ ಮುಗಿಯದಷ್ಟು ಕೊಳಚೆ. ಎರಡನ್ನೂ ಒಂದೇ ಕಾಗದದ ಮೇಲೆ ಬರೆದು ನೋಡಿದಾಗ ಹುಟ್ಟಿದ್ದು ಕೆ.ಸಿ. ವ್ಯಾಲಿ (ಅದೇ ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆ. ದಿನಕ್ಕೆ 44 ಕೋಟಿ ಲೀಟರ್ ಕೊಳಚೆಯನ್ನು ಎರಡನೇ ಹಂತದವರೆಗೆ ಶುದ್ಧಿ ಮಾಡಿ, ಪಂಪು ಮಾಡಿ, ಕೋಲಾರದ ನೂರಕ್ಕೂ ಹೆಚ್ಚು ಕೆರೆಗಳಿಗೆ ಒಂದರ ಕೋಡಿಯಿಂದ ಇನ್ನೊಂದಕ್ಕೆ ಹರಿಸುವುದು. ಬಳಸಲು ಅಲ್ಲ, ಅಂತರ್ಜಲ ತುಂಬಲು. 2018ರ ಜೂನಿನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು.

ಮುಂದಿನ ತಿಂಗಳೇ ಅಲ್ಲೂ ನೊರೆ ಕಂಡಿತು! ಬೆಳ್ಳಂದೂರಿನ ಭೂತ ಬಸ್ಸು ಹತ್ತಿ ಬಂದಿತೇ ಅಂತ ಜನ ಗಾಬರಿಯಾದರು. ಹೈಕೋರ್ಟು, ಸುಪ್ರೀಂ ಕೋರ್ಟು, ತಡೆ, ತೆರವು ಎಲ್ಲ ನಡೆಯಿತು. ಮೂರನೇ ಹಂತದ ಶುದ್ಧೀಕರಣ ಬೇಕೇ ಬೇಕು ಎಂಬ ಬೇಡಿಕೆ ಆಮೇಲೂ ನಿಲ್ಲಲಿಲ್ಲ.

ಈ ಹಂತಗಳ ಲೆಕ್ಕ ಏನು? ಮೊದಲ ಹಂತದಲ್ಲಿ ಕಸ, ಮರಳು ಹಿಡಿದು ಭಾರವಾದ ಕೊಳೆಯನ್ನು ತಳಕ್ಕೆ ಕೂರಿಸುತ್ತಾರೆ. ಎರಡನೇ ಹಂತದಲ್ಲಿ ಗಾಳಿ ಊದಿ ಬ್ಯಾಕ್ಟೀರಿಯಾಗಳಿಂದ ಕೊಳೆ ತಿನ್ನಿಸುತ್ತಾರೆ. ಇಲ್ಲಿಗೆ ನೀರು ನೋಡಲು ಪರವಾಗಿಲ್ಲ ಅನ್ನಿಸುತ್ತದೆ, ಆದರೆ ಸಾರಜನಕ ಮತ್ತು ರಂಜಕದಲ್ಲಿ ಬಹಳಷ್ಟು ಉಳಿದಿರುತ್ತದೆ, ರೋಗಾಣುಗಳೂ ಉಳಿದಿರಬಹುದು. ಮೂರನೇ ಹಂತ ಅಂದರೆ ಅವನ್ನೂ ತೆಗೆಯುವುದು, ಸೋಸುವುದು. ಖರ್ಚು ಜಾಸ್ತಿ, ಕರೆಂಟು ಜಾಸ್ತಿ.

ಹಾಗಾದರೆ ಕೆ.ಸಿ. ವ್ಯಾಲಿ ಒಳ್ಳೆಯದೋ ಕೆಟ್ಟದ್ದೋ? ಹೀಗೆ ಕೇಳಿದರೆ ಜಗಳ ಮಾತ್ರ ಸಿಗುತ್ತದೆ. ಅಂತರ್ಜಲ ಮೇಲೆ ಬಂದಿದೆ, ಅದನ್ನು ರೈತರೂ ಹೇಳುತ್ತಾರೆ, ಅಳತೆಗಳೂ ತೋರಿಸಿವೆ. ಬತ್ತಿದ್ದ ಬಾವಿ, ಬೋರುಗಳಲ್ಲಿ ನೀರು ಕಂಡ ಮನೆಯವರಿಗೆ ಹೋಗಿ 'ರಂಜಕ' ಅಂತ ಭಾಷಣ ಮಾಡಲು ನನಗಂತೂ ಬಾಯಿ ಬರುವುದಿಲ್ಲ. ಆದರೆ ಸಂಪಿನ ಲೆಕ್ಕ ಇಲ್ಲೂ ಬಿಡುವುದಿಲ್ಲ. ದಿನಾ ಸ್ವಲ್ಪ ಸ್ವಲ್ಪ ಬರುವ ಸಾರಜನಕ, ರಂಜಕ, ಉಪ್ಪು ಈ ನೂರು ಕೆರೆಗಳ ತಳದಲ್ಲಿ, ಕೆಳಗಿನ ಮಣ್ಣಿನಲ್ಲಿ, ಬೋರಿನ ನೀರಿನಲ್ಲಿ ಎಷ್ಟು ಉಳಿಯುತ್ತದೆ? ಬೆಳ್ಳಂದೂರಿಗೆ ಹಾಳಾಗಲು ಹಲವು ದಶಕ ಹಿಡಿಯಿತು. ಇಲ್ಲಿ ನಾವಿನ್ನೂ ಮೊದಲ ದಶಕದಲ್ಲಿದ್ದೇವೆ. ಈಗ ಸರಿ ಇದೆ ಅನ್ನುವುದು ಉತ್ತರ ಅಲ್ಲ, ಏರುತ್ತಿದೆಯೋ ಇಲ್ಲವೋ ಅನ್ನುವುದು ಪ್ರಶ್ನೆ.

ಇನ್ನೊಂದು ಸುತ್ತು ಯಾರೂ ಅಷ್ಟಾಗಿ ಮಾತಾಡದ್ದು. ನೀರು ಮೇಲೆ ಬಂತು, ಬೋರು ಜೀವ ಪಡೆಯಿತು. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪಿಗೆ ಕರೆಂಟು ಪುಕ್ಕಟೆ. ನೀರಿದೆ, ಕರೆಂಟಿಗೆ ಕಾಸಿಲ್ಲ, ಟೊಮೇಟೊ ಮಾರಲು ಕೋಲಾರದ ಮಂಡಿ ಪಕ್ಕದಲ್ಲೇ ಇದೆ. ಯಾರಾದರೂ ಇನ್ನೊಂದು ಎಕರೆ ಹಾಕುತ್ತಾರೆ, ನಾನಾದರೂ ಹಾಕುತ್ತಿದ್ದೆ. ಎಲ್ಲರೂ ಹಾಕಿದರೆ ತುಂಬಿದ್ದು ಮತ್ತೆ ಇಳಿಯುತ್ತದೆ. ನೀರಿನ ಇಲಾಖೆ ತುಂಬಿಸಿದ್ದನ್ನು ಕರೆಂಟಿನ ನಿಯಮ ಖಾಲಿ ಮಾಡುತ್ತದೆ. ಯಾರ ತಪ್ಪೂ ಅಲ್ಲ. ಎರಡು ಇಲಾಖೆ, ಎರಡು ಕಡತ, ಒಂದೇ ಅಂತರ್ಜಲ.

ನೀತಿಗಳು ಎಡವುವುದು ಹೆಚ್ಚಾಗಿ ಇಂಥ ಜಾಗದಲ್ಲಿ. ನಮ್ಮಲ್ಲಷ್ಟೇ ಅಲ್ಲ. ಅಮೆರಿಕ, ಕೆನಡಾ ನಡುವಿನ ಈರಿ ಸರೋವರ 1960ರ ದಶಕದಲ್ಲಿ ಪಾಚಿ ಹಿಡಿದು ಸತ್ತೇ ಹೋಯಿತು ಅಂತ ಹೆಸರಾಗಿತ್ತು. 1972ರಲ್ಲಿ ಎರಡೂ ದೇಶ ಒಪ್ಪಂದ ಮಾಡಿಕೊಂಡವು. ಡಿಟರ್ಜೆಂಟಿನ ರಂಜಕಕ್ಕೆ ಕಡಿವಾಣ ಹಾಕಿದರು, ಕೊಳಚೆ ಪ್ಲಾಂಟು ಸುಧಾರಿಸಿದರು. ಸರೋವರ ನಿಜವಾಗಿಯೂ ಚೇತರಿಸಿಕೊಂಡಿತು. ಎಲ್ಲರೂ ಉದಾಹರಣೆ ಕೊಡುವ ಗೆಲುವು ಅದು. ಆಮೇಲೆ ಪಾಚಿ ವಾಪಸು ಬಂತು. 2014ರ ಆಗಸ್ಟಿನಲ್ಲಿ ಸರೋವರದ ದಡದ ಟೊಲೆಡೊ ಊರಿನ ನಾಲ್ಕು ಲಕ್ಷಕ್ಕೂ ಹೆಚ್ಚು ಜನಕ್ಕೆ ನಲ್ಲಿ ನೀರು ಕುಡಿಯಬೇಡಿ ಎಂದರು, ಪಾಚಿಯ ವಿಷ ನೀರಿಗೆ ಸೇರಿತ್ತು. ಈ ಸಲ ರಂಜಕ ಬಂದದ್ದು ಮುಖ್ಯವಾಗಿ ಹೊಲಗಳ ಗೊಬ್ಬರದಿಂದ. ಅದರಲ್ಲೂ ಒಂದು ತಮಾಷೆ ನೋಡಿ. ಮಣ್ಣು ಕೊಚ್ಚಿಹೋಗದಿರಲಿ ಅಂತ ಅಲ್ಲಿನ ರೈತರಿಗೆ ಉಳುಮೆ ಬಿಡಿ ಎಂದಿದ್ದರು, ಒಳ್ಳೆ ಸಲಹೆ. ಉಳದ ಹೊಲದಲ್ಲಿ ಮೇಲೆ ಎರಚಿದ ಗೊಬ್ಬರ ಮೇಲೇ ಉಳಿದು, ಕರಗಿ, ಮಳೆನೀರಿನ ಜೊತೆ ಹೋಗುವುದು ಹೆಚ್ಚಾಯಿತು. ವಾಪಸು ಬಂದದ್ದಕ್ಕೆ ಇದೂ ಒಂದು ಕಾರಣ ಅಂತ ಸಂಶೋಧಕರು ಹೇಳುತ್ತಾರೆ. ಮಣ್ಣು ಉಳಿಯಿತು, ರಂಜಕ ಹೋಯಿತು.

ವಾಪಸು ಬೆಂಗಳೂರಿಗೆ. ಕೊಳಚೆಯನ್ನು ಹುಟ್ಟಿದ ಜಾಗದಲ್ಲೇ ಶುದ್ಧಿ ಮಾಡಿ ಅಂತ ದೊಡ್ಡ ಅಪಾರ್ಟ್‌ಮೆಂಟುಗಳಿಗೆ ಸ್ವಂತ ಎಸ್‌ಟಿಪಿ (ಕೊಳಚೆ ಶುದ್ಧೀಕರಣ ಪ್ಲಾಂಟು) ಕಡ್ಡಾಯ ಮಾಡಿದರು. ಯೋಚನೆ ಚೆನ್ನಾಗಿದೆ. ಪರಿಶೀಲನೆಗೆ ಬಂದವರು ನೋಡುವುದು ಎಸ್‌ಟಿಪಿ ಇದೆಯಾ ಇಲ್ಲವಾ ಅಂತ. ಇದೆ. ನಡೆಯುತ್ತಿದೆಯಾ? ಅದು ಬೇರೆ ಪ್ರಶ್ನೆ. ಗಾಳಿ ಊದುವ ಬ್ಲೋವರ್ ಓಡಿಸಿದರೆ ಕರೆಂಟ್ ಬಿಲ್, ನಡೆಸಲು ಆಪರೇಟರ್, ಬೇಸ್‌ಮೆಂಟಿನಲ್ಲಿ ವಾಸನೆ. ನಾನು ಹಿಂದೆ ಬಾಡಿಗೆಗಿದ್ದ ಒಂದು ಕಡೆ ರಾತ್ರಿ ಹೊತ್ತು ಬ್ಲೋವರ್ ಸದ್ದು ಬರುತ್ತಿರಲಿಲ್ಲ. ನೆಮ್ಮದಿಯಾಗಿ ನಿದ್ದೆ ಬರುತ್ತಿತ್ತು. ಯಾಕೆ ಸದ್ದಿಲ್ಲ ಅಂತ ಬಹಳ ದಿನ ಯೋಚಿಸಿಯೇ ಇರಲಿಲ್ಲ. ಗಾಳಿ ನಿಂತರೆ ಒಳಗಿನ ಬ್ಯಾಕ್ಟೀರಿಯಾ ಸಾಯುತ್ತವೆ ಅಂತ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ಸರಿಯಾಗಿ ನಡೆಸಿದವರಿಗೂ ಇನ್ನೊಂದು ಕಷ್ಟ. ಶುದ್ಧ ಮಾಡಿದ ನೀರನ್ನು ಒಳಗೇ ಬಳಸಿ ಅನ್ನುತ್ತಿತ್ತು ನಿಯಮ. ಫ್ಲಶ್ಶಿಗೆ, ಗಿಡಕ್ಕೆ ಹಾಕಿದರೂ ಮಿಗುತ್ತದೆ. ಮಿಕ್ಕದ್ದು? ರಾಜಕಾಲುವೆಗೆ. ಅದೇ ಹೊತ್ತಿಗೆ ಪಕ್ಕದ ಸೈಟಿನಲ್ಲಿ ಕಟ್ಟಡ ಕಟ್ಟಲು ಟ್ಯಾಂಕರಿನಲ್ಲಿ ಬೋರ್‌ವೆಲ್ ನೀರು ಬರುತ್ತಿರುತ್ತದೆ. 2024ರ ಮಾರ್ಚಿನಲ್ಲಿ ಬೋರುಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಬಂತಲ್ಲ, ಆ ಬಿಕ್ಕಟ್ಟಿನ ನಂತರವೇ ಮಿಕ್ಕ ನೀರಿನಲ್ಲಿ ಅರ್ಧದಷ್ಟನ್ನು ಹೊರಗೆ ಮಾರಬಹುದು ಎಂದು ಸರ್ಕಾರ ಬಾಗಿಲು ತೆರೆದದ್ದು. ಹೊಸ ಪ್ಲಾಂಟು ಕಟ್ಟಲಿಲ್ಲ, ಪೈಪು ಹಾಕಲಿಲ್ಲ, ನಿಯಮದ ಒಂದು ಸಾಲು ಬದಲಾಯಿತು. ಮಾರಬಹುದು ಅಂತಾದರೆ ಶುದ್ಧ ಮಾಡಲು ಒಂದು ಕಾರಣ ಹುಟ್ಟುತ್ತದೆ. ಚೆನ್ನಾಗಿಲ್ಲದ ನೀರನ್ನು ಕೊಳ್ಳುವವನು ಬೇಡ ಅನ್ನುತ್ತಾನೆ, ಆ ಮಾತು ಇನ್‌ಸ್ಪೆಕ್ಟರಿಗಿಂತ ಬೇಗ ಆಪರೇಟರಿಗೆ ಮುಟ್ಟುತ್ತದೆ. ಸುತ್ತಿನಲ್ಲಿ ಕಡಿದುಹೋಗಿದ್ದ ಒಂದು ಕೊಂಡಿಯನ್ನು ಕೂಡಿಸುವುದು ಅಂದರೆ ಇದೇ. ದಂಡದ ಮೊತ್ತ ಏರಿಸುವುದಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತದೆ ಅಂತ ನನ್ನ ನಂಬಿಕೆ. ಸದ್ಯಕ್ಕೆ ನಂಬಿಕೆ ಅಷ್ಟೆ, ಕೊಳ್ಳುವವರೂ ಸಿಗಬೇಕಲ್ಲ.

ಬೆಳ್ಳಂದೂರಿನಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಕೊಳಚೆಯನ್ನು ಪಕ್ಕದ ಕಾಲುವೆಗೆ ತಿರುಗಿಸಿ ಹೂಳು ತೆಗೆಯಲು ಶುರು ಮಾಡಿತು. ಒಳಗೆ ಕೂತ ಜಮೆ ಹೋಗದೆ ಸುತ್ತು ನಿಲ್ಲುವುದಿಲ್ಲ, ಆದ್ದರಿಂದ ಇದು ಸರಿಯಾದ ಕೆಲಸ. ಆದರೆ ತಿರುಗಿಸಿದ ನೀರು ಮಾಯವಾಗುವುದಿಲ್ಲ. ಶುದ್ಧವಾಗದೆ ಉಳಿದ ಪಾಲು ದಕ್ಷಿಣ ಪಿನಾಕಿನಿ ಹಿಡಿದು ಗಡಿ ದಾಟುತ್ತದೆ. ಹೊಸೂರಿನ ಪಕ್ಕ ಕೆಲವರಪಲ್ಲಿ ಅಂತ ಒಂದು ಅಣೆಕಟ್ಟು ಇದೆ. ಜೋರು ಮಳೆಯಾಗಿ ಗೇಟು ತೆಗೆದಾಗ ಅಲ್ಲಿ ನೊರೆ ಏಳುತ್ತದೆ, ಸೇತುವೆಯ ಮೇಲೆ ಹತ್ತಿ ರಸ್ತೆ ಮುಚ್ಚಿದ ಫೋಟೋಗಳು ತಮಿಳು ಪೇಪರುಗಳಲ್ಲಿ ಬರುತ್ತವೆ. ಅಲ್ಲೂ ಯಾರೋ ಒಬ್ಬರು ಸ್ಕೂಟರ್ ನಿಲ್ಲಿಸಿ, ಮಳೆ ಬಂದರೆ ಇದು ಕಮ್ಮಿ ಆಗಬೇಕಿತ್ತಲ್ಲ ಅಂತ ಯೋಚಿಸುತ್ತಿರುತ್ತಾರೆ.